ಹೊಗೆ ಬಿಡದ ಸ್ಕೂಟರ್

ಗಾಡಿ ರಿಪೇರಿಯ ಮಿಸ್ತ್ರಿ ಬುಡ್ಡೇಸಾಬನ ಬಾಯಿಗೆ ಹೆದರಿ ಸೊಲ್ಲಾಪುರ ರಸ್ತೆಯ ಅರ್ಧದಷ್ಟು ಗಿರಾಕಿಗಳು ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು. ಉಳಿದರ್ಧ ಮಂದಿ ಅವನ ಕೈಗುಣ ನಂಬಿ, ಬೈಸಿಕೊಂಡರೂ ಸರಿ ಎಂದು ಅವನ ಹತ್ತಿರವೇ ಬರುತ್ತಿದ್ದರು. ವಿಶಾಖಾ ಈ ಎರಡೂ ಗುಂಪಿಗೆ ಸೇರಿದವಳಲ್ಲ. ಬೈದರೆ ತಿರುಗಿ ಬೈಯುವ ಹೆಂಗಸು.

ತಿಕೋಟಾದಲ್ಲಿ ನರ್ಸ್ ಆಗಿದ್ದ ಅವಳು ಇಪ್ಪತ್ತು ದಿನದ ಹಿಂದೆ ಅಪ್ಪನ ಸ್ಕೂಟರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ತಂದಿದ್ದಳು. ಅಪ್ಪ ಭಾಗಪ್ಪ ಬಬಲೇಶ್ವರದಲ್ಲಿ ಟಪಾಲು ಹಂಚುತ್ತಿದ್ದವನು. ಅವನು ತೀರಿಕೊಂಡ ಮೇಲೆ ಗಾಡಿ ಜೈನಾಪುರದ ಮನೆಯ ಹಿಂದೆ ಜೋಳದ ಕಣಿಕೆ ಒಟ್ಟುವ ಕೋಣೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಸೀಟನ್ನು ಇಲಿ ಕಡಿದಿದ್ದವು. ಸೈಲೆನ್ಸರಿನೊಳಗೆ ಹುಳು ಮಣ್ಣಿನ ಗೂಡು ಕಟ್ಟಿದ್ದವು. ಟಾಕಿಯಲ್ಲಿ ಉಳಿದಿದ್ದ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಾಗಿ, ಅದರ ನಾತಕ್ಕೆ ಪಕ್ಕದ ಬ್ಯಾಟರಿ ಅಂಗಡಿಯ ಜಾವೀದ ಎರಡು ದಿನ ಮೂಗಿಗೆ ದಸ್ತಿ ಕಟ್ಟಿಕೊಂಡು ವ್ಯಾಪಾರ ಮಾಡಿದ್ದ.

ಬುಡ್ಡೇಸಾಬ ಟಾಕಿಯೊಳಗೆ ಬೋಲ್ಟು, ಸೀಮೆಎಣ್ಣೆ ಹಾಕಿ ಕುಲುಕಿ ತುಕ್ಕು ಉದುರಿಸಿದ. ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ ತೊಳೆದ. ಅಂಟಿಕೊಂಡಿದ್ದ ಪಿಸ್ಟನ್ ಬಿಡಲೆಂದು ಪ್ಲಗ್ಗಿನ ತೂತಿನೊಳಗೆ ಎರಡು ಚಮಚ ಎಣ್ಣೆ ಬಿಟ್ಟು ವಾರ ಕಾದ. ಗುರುವಾರ ಬೆಳಿಗ್ಗೆ, ಟಾಕಿ ಸೋರುತ್ತದೋ ಹೇಗೆ ಎಂದು ನೋಡಲು ಬಾಟಲಿಯಿಂದ ಅರ್ಧ ಲೀಟರ್ ಬರೀ ಪೆಟ್ರೋಲು ಸುರಿದ. ಸೋರಲಿಲ್ಲ. ಕೈ ಸುಮ್ಮನಿರದೆ ಕಿಕ್ ಹೊಡೆದ. ಗಾಡಿ ಕೆಮ್ಮಿತು, ಉಗುಳಿತು, ಏಳನೆಯ ಒದೆತಕ್ಕೆ ನೀಲಿ ಹೊಗೆ ಕಾರಿ ಶುರುವಾಯಿತು.

ವಿಶಾಖಾ ತಾಯಿ ಹುಲಿಗೆವ್ವನನ್ನು ಕರೆದುಕೊಂಡು ಬಂದದ್ದು ಅದೇ ಹೊತ್ತಿಗೆ.

“ಗಾಡಿ ಚಾಲೂ ಐತಿ! ಮತ್ತ ನಿನ್ನಿ ಫೋನಿನ್ಯಾಗ ಇನ್ನಾ ಆಗಿಲ್ಲಂದ್ರಿ?”

“ಈಗ ಚಾಲೂ ಆಗೇತ್ರಿ. ಕೆಲಸ ಮುಗದಿಲ್ಲ. ಸಂಜೀಕ ಬರ್ರಿ.”

“ಇಪ್ಪತ್ತ ದಿನಾ ಇದ ಕೇಳೇನಿ. ಹನ್ನೆರಡಕ್ಕ ನನ್ನ ಡ್ಯೂಟಿ. ಅವ್ವಂದು ಸಕ್ರಿ ತಪಾಸ ಮಾಡಸ್ಬೇಕು. ಬಸ್ಸಿನ್ಯಾಗ ನಿಂತ ನಿಂತ ಆಕಿ ಕಾಲ ಬಾತಾವ.”

“ಸಂಜೀಕ ಅಂದ್ರ ಸಂಜೀಕರಿ.”

“ಬರೂದಿಲ್ಲಂದ್ರ ಬರೂದಿಲ್ಲನ್ರಿ ಮಿಸ್ತ್ರಿ. ಬ್ಯಾರೇದವ್ರ ಕಡೆ ಒಯ್ತಿದ್ನಿ.”

“ಏ ವಿಶಾಖಾ, ಬಿಡ ನನ್ನವ್ವಾ,” ಎಂದು ಹುಲಿಗೆವ್ವ ಮಗಳ ಸೆರಗು ಜಗ್ಗಿದಳು. ಆದರೆ ಮಾತು ಆಗಲೇ ಬುಡ್ಡೇಸಾಬನ ನೆತ್ತಿಗೆ ಏರಿತ್ತು.

“ನನಗ ಬರೂದಿಲ್ಲೇನು? ನಿಮ್ಮಪ್ಪ ಈ ಗಾಡಿ ತಗೊಳ್ಳೂಕಿಂತ ಮೊದ್ಲ ನಾ ಪಾನಾ ಹಿಡದು ಗಾಡಿ ಬಿಚ್ಚೇನಿ! ಒಯ್ರಿ, ಈಗಿಂದೀಗ ಒಯ್ರಿ! ನನ್ನ ಬಾಗಲಾಗ ಇದು ಇನ್ನೊಂದ ಗಳಿಗಿ ನಿಲ್ಲಬಾರದು!”

ಗಾಡಿ ಆರಿಸಿ ಅವನು ಒಗೆದ ಕೀಲಿ ಅವಳ ಕಾಲ ಬಳಿ ಬಂದು ಬಿತ್ತು. ಅವಳೂ ಹಟಮಾರಿ. ಕೀಲಿ ಎತ್ತಿಕೊಂಡು, ಕಿಕ್ ಹೊಡೆದು ಗಾಡಿ ಏರಿದಳು. ಹುಲಿಗೆವ್ವ ಹಿಂದೆ ಅಡ್ಡಲಾಗಿ ಕೂತು, ಸೀಟಿನ ಹಿಂದಿನ ಸ್ಟೆಪ್ನಿ ಗಾಲಿಯನ್ನು ಒಂದು ಕೈಯಲ್ಲಿ ತಬ್ಬಿದಳು. ಗಾಡಿ ರಸ್ತೆಗೆ ಇಳಿದು, ಟ್ರಕ್ಕುಗಳ ಮಧ್ಯೆ ತೂರಿ ಹೋಗಿಯೇಬಿಟ್ಟಿತು.

ಬುಡ್ಡೇಸಾಬ ಇನ್ನೂ ಒಬ್ಬನೇ ಬೈಯುತ್ತಿದ್ದ. ಜಾವೀದ ಚಹಾದ ಕಪ್ಪು ತಂದು ಕೈಗಿಟ್ಟ.

“ಬಾಯಿ ಹ್ಯಾಂಗರ ಇರ್ಲಿ ಚಾಚಾ, ನಿಮ್ಮ ಕೈಗೆ ಸಲಾಮ್ ಹೊಡೀಬೇಕು. ಇಂಥಾ ಹಳೀ ಗಾಡಿ ಓಣಿ ತುಂಬ ಹೊಗಿ ಎಬ್ಬಸ್ತಾವ. ಚೌಕ ದಾಟೂದ್ರಾಗ ನೋಡ್ನಿ, ಒಂದ ಎಳಿ ಹೊಗಿ ಇಲ್ಲ. ಹೊಸಾ ಗಾಡಿ ಮಾಡೀರಿ.”

ಬುಡ್ಡೇಸಾಬ ಕಪ್ಪು ಕೆಳಗಿಟ್ಟು ರಸ್ತೆಗೆ ಓಡಿ ನೋಡಿದ.

ಹೊಗೆ ಇರಬೇಕಿತ್ತು. ಆ ಹಳೆಯ ಎಂಜಿನ್ನಿಗೆ ಬೇರೆ ಎಣ್ಣೆಯಿಲ್ಲ; ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆ ಸುಟ್ಟರೆ ಹೊಗೆ. ಶುರುವಿಗೆ ಬಂದ ಹೊಗೆ ಪ್ಲಗ್ಗಿನ ತೂತಿನಲ್ಲಿ ಬಿಟ್ಟ ಎರಡು ಚಮಚದ್ದು. ಅದು ಮುಗಿದಿತ್ತು. ಟಾಕಿಯಲ್ಲಿದ್ದದ್ದು ಬರೀ ಪೆಟ್ರೋಲು. ಅದನ್ನು ಬಸಿದು, ಎಣ್ಣೆ ಬೆರೆಸಿದ್ದನ್ನು ಹಾಕುವುದೇ ಸಂಜೆಗೆ ಉಳಿದಿದ್ದ ಕೆಲಸ. ಒಣಗಿದ ಪಿಸ್ಟನ್ ಕಾದು ಉಬ್ಬಿ ಎಂಜಿನ್ ಹಿಡಿದುಕೊಂಡರೆ ಹಿಂದಿನ ಗಾಲಿ ಓಡುತ್ತಿದ್ದ ಹಾಗೇ ಕಚ್ಚಿ ನಿಲ್ಲುತ್ತದೆ. ಆಗ ಕಣ್ಣು ಮಿಟುಕಿಸುವುದರೊಳಗೆ ಕ್ಲಚ್ ಒತ್ತಬೇಕು. ಒತ್ತದವರನ್ನು ರಸ್ತೆಯಿಂದ ಹೇಗೆ ಎತ್ತುತ್ತಾರೆಂಬುದನ್ನು ಅವನು ಎರಡು ಸಲ ಕಂಡಿದ್ದ.

“ಜಾವೀದ, ಬೈಕ್ ತಗಿ! ತಿಕೋಟಾ ರೋಡ್!”

“ಯಾಕ, ಬೈಯೂದ ಇನ್ನಾ ಉಳದೈತೇನು?”

“ಆ ತಾಯಿ ಮಗಳು ಸಾಯ್ತಾರಲೇ!”

ಜಾವೀದ ಅಂಗಡಿ ತೆರೆದಿಟ್ಟೇ ಓಡಿದ. ಹಿಂದೆ ಕೂತ ಬುಡ್ಡೇಸಾಬ ಫೋನು ಹಚ್ಚಿದ, ಮತ್ತೆ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವವಳು ಎತ್ತುವುದಾದರೂ ಹೇಗೆ? ಎತ್ತಿದರೂ ಅವನ ಹೆಸರು ನೋಡಿ ಕಟ್ ಮಾಡುತ್ತಾಳೆ.

ಊರು ದಾಟುವಲ್ಲಿ ಪೆಟ್ರೋಲ್ ಪಂಪಿನ ಮಲ್ಲಿನಾಥ ಪೈಪು ಹಿಡಿದು ನಿಂತಿದ್ದ.

“ಬಿಳೀ ಸ್ಕೂಟರ್, ಹಿಂದ ಮುದುಕಿ?” ಎಂದು ಕೇಳಿದ ಬುಡ್ಡೇಸಾಬ.

“ಈಗರ ಹೋದ್ರಲ್ರಿ, ಟಾಕಿ ಫುಲ್ ಮಾಡಿಸ್ಕೊಂಡು. ಹಳೀ ಗಾಡಿ ಐತಿ, ಆಯಿಲ್ ಹಾಕ್ಸೀರಿಲ್ಲೊ ಅಂತ ನಾ ಕೇಳೇನಿ ಮತ್ತ.”

“ಏನಂದ್ಳು?”

“ಅದೆಲ್ಲ ನಮ್ಮ ಮಿಸ್ತ್ರಿ ಹಾಕಿರ್ತಾನ, ಬಾಯಿ ಹೊಲಸು, ಕೆಲಸ ಚೊಕ್ಕ, ಅಂದ್ರು.”

ಬುಡ್ಡೇಸಾಬನಿಗೆ ಕಪಾಳಕ್ಕೆ ಹೊಡೆಸಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಟಾಕಿ ತುಂಬ ಬರೀ ಪೆಟ್ರೋಲು, ಮುಂದೆ ನೆಟ್ಟಗಿನ ರಸ್ತೆ. “ಹೊಡಿ, ಇನ್ನಾ ಜೋರ ಹೊಡಿ,” ಎಂದು ಜಾವೀದನ ಹೆಗಲು ಗುದ್ದಿದ.

ತೊರವಿ ದಾಟಿದ ಮೇಲೆ ದೂರದಲ್ಲಿ ಬಿಳಿ ಸ್ಕೂಟರ್ ಕಂಡಿತು. ಗಾಳಿಗೆ ಹುಲಿಗೆವ್ವನ ಸೆರಗು ಹಾರುತ್ತಿತ್ತು. ಗಾಡಿಯ ಹಿಂದೆ ಹೊಗೆಯ ಸುಳಿವಿಲ್ಲ.

“ಏ! ನಿಲ್ಲಸ್ರಿ! ಏ ವಿಶಾಖಾ!” ಬುಡ್ಡೇಸಾಬ ಸೀಟಿನಿಂದ ಎದ್ದು, ಮುಷ್ಟಿ ಎತ್ತಿ ಕೂಗಿದ. ಜಾವೀದ ಒಂದೇ ಸವನೆ ಹಾರ್ನ್ ಹೊಡೆದ.

ವಿಶಾಖಾ ಕನ್ನಡಿಯಲ್ಲಿ ನೋಡಿದಳು. ನೋಡಿ, ಗಾಡಿಯ ಕಿವಿ ಹಿಂಡಿದಳು.

“ಚಾಚಾ, ನಿಮ್ಮ ಮಾರಿ ನೋಡೇ ಓಡ್ಸಾಕತ್ತಾಳ! ಜಗಳಕ್ಕ ಬೆನ್ನ ಹತ್ಯಾನ ಅನ್ಕೊಂಡಾಳ. ಬಾಯಿ ಮುಚ್ರಿ ಮೊದ್ಲ!”

ಬುಡ್ಡೇಸಾಬನಿಗೆ ಹೀಗೆ ಹೇಳಿ ದಕ್ಕಿಸಿಕೊಂಡವರಿರಲಿಲ್ಲ. ಅವನು ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ಎಂಜಿನ್ನಿನ ದನಿ ಕಿವಿಗೆ ಬಿತ್ತು. ಬೆಳಿಗ್ಗೆ ಗುಡುಗುಡು ಎನ್ನುತ್ತಿದ್ದದ್ದು ಈಗ ತಗಡಿನ ಡಬ್ಬಿಯೊಳಗೆ ಹರಳು ಅಲ್ಲಾಡಿದಂತೆ ಚರಚರ ಎನ್ನುತ್ತಿತ್ತು. ಇನ್ನು ಬಹಳ ಹೊತ್ತು ಇಲ್ಲ.

“ಎಡಕ್ಕ ಹೋಗು,” ಎಂದ ಮೆತ್ತಗೆ.

ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಬಲಕ್ಕೆ ಜಾಗವಿರಲಿಲ್ಲ. ಜಾವೀದ ಡಾಂಬರು ಬಿಟ್ಟು ಮಣ್ಣಿಗೆ ಇಳಿದು, ಕಲ್ಲಿನ ಮೇಲೆ ಕುಣಿಯುತ್ತ ಸ್ಕೂಟರಿನ ಪಕ್ಕಕ್ಕೆ ಬಂದ. ಅತ್ತಲೇ ಕಾಲು ಇಳಿಬಿಟ್ಟು ಕೂತಿದ್ದ ಹುಲಿಗೆವ್ವನ ಮುಖ ಎದುರಿಗೇ ಇತ್ತು. ಬುಡ್ಡೇಸಾಬ ಆಸರೆಗೆ ಹಿಡಿದಿದ್ದ ಎರಡೂ ಕೈ ಬಿಟ್ಟು, ಅವಳಿಗೆ ಕೈ ಮುಗಿದ.

“ಏ, ನಿಲ್ಲಸ ಬೇ! ಮಿಸ್ತ್ರಿ ಕೈ ಮುಗ್ಯಾಕತ್ತಾನ!” ಎಂದು ಮುದುಕಿ ಮಗಳ ಬೆನ್ನಿಗೆ ಗುದ್ದಿದಳು.

ವಿಶಾಖಾ ಹೊರಳಿ ನೋಡಿದಳು. ಆ ಮುಗಿದ ಕೈ ನೋಡಿ ಅವಳ ಹಿಡಿತ ಸಡಿಲಾಯಿತು. ವೇಗ ಅರ್ಧಕ್ಕೆ ಇಳಿದಿತ್ತು. ಆಗಲೇ ಕಿರ್‍ರೆಂದು ಹಿಂದಿನ ಗಾಲಿ ಕಚ್ಚಿತು. ಗಾಡಿಯ ಹಿಂಭಾಗ ಟ್ರ್ಯಾಕ್ಟರಿನ ಕಡೆಗೆ ಹೊರಳಿತು. ಕ್ಲಚ್ ಎಂದು ಕೂಗಲು ಬುಡ್ಡೇಸಾಬ ಬಾಯಿ ತೆರೆದ. ಅಷ್ಟರಲ್ಲಿ ಅವಳ ಎಡಗೈ ಮುಷ್ಟಿ ಕಟ್ಟಿತು. ಗಾಲಿ ಬಿಟ್ಟುಕೊಂಡಿತು. ಗಾಡಿ ಎರಡು ಸಲ ತೂರಾಡಿ, ಮಣ್ಣಿಗೆ ಇಳಿದು ನಿಂತಿತು. ಟ್ರ್ಯಾಕ್ಟರಿನವನು ಬೈಯುತ್ತ ದಾಟಿ ಹೋದ.

ಹುಲಿಗೆವ್ವ ಸೀಟಿನಿಂದ ಜಾರಿ ನೆಲಕ್ಕೆ ಕುಂಡಿಯೂರಿ ಕೂತಿದ್ದಳು.

“ನಾ ಅದೀನೇನ, ಹ್ವಾದ್ನೇನ?”

“ಅದೀ ಬೇ ಯವ್ವಾ,” ಎಂದ ಜಾವೀದ. “ಹೋಗಿದ್ರ ಹಿಂಗ ಕೇಳತಿದ್ದಿಲ್ಲ.”

ಬುಡ್ಡೇಸಾಬ ವಿಶಾಖಾಳ ಕೈಯನ್ನೇ ನೋಡಿದ. ಅದು ಇನ್ನೂ ಬಿಗಿದುಕೊಂಡೇ ಇತ್ತು. “ಕ್ಲಚ್ ಒತ್ತಬೇಕಂತ ನಿಮಗ ಯಾರ ಹೇಳಿದ್ರು?”

“ಅಪ್ಪ ಕಲಿಸಿದ ಕ್ಲಚ್ ಆಗ ಎಲ್ಲಿ ನೆನಪಾಗಬೇಕ್ರಿ? ನಾ ಬ್ರೇಕ್ ಅಂತ ಒತ್ತೀನಿ. ಡ್ಯೂಟಿ ಮ್ಯಾಲ ಹೊಡಿಯೂ ದವಾಖಾನಿ ಸ್ಕೂಟಿಗಿ ಎಡಗೈಯಾಗ ಬ್ರೇಕ್ ಇರ್ತೈತಿ.”

ಬುಡ್ಡೇಸಾಬ ರಸ್ತೆಯಂಚಿಗೆ ನಡೆದ. ಮೈಲುಗಲ್ಲಿನ ಮೇಲೆ ಕೂತುಬಿಟ್ಟ.

“ನೋಡ್ರಿ ನಿಮ್ಮ ರಿಪೇರಿ!” ವಿಶಾಖಾ ಗಾಡಿಗೆ ಸ್ಟ್ಯಾಂಡ್ ಹಾಕಿ ಅವನ ಮುಂದೆ ಬಂದು ನಿಂತಳು. “ಹಳೀ ಎಂಜಿನ್, ಹನ್ನೊಂದ ವರ್ಷ ನಿಂತಿತ್ತು, ಹಿಂಗ ಆಗೂದ ಅಂತ ಹೇಳಬ್ಯಾಡ್ರಿ ಮತ್ತ.”

ಅದೇ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಎಷ್ಟೋ ಗಿರಾಕಿಗಳ ಬಾಯಿ ಮುಚ್ಚಿಸಿದ ಮಾತು. ಹೇಳಿದರೆ ಇವಳೂ ನಂಬುತ್ತಿದ್ದಳು. ಜಾವೀದನೂ ಕಣ್ಣಲ್ಲೇ ಹೇಳಿಬಿಡು ಎಂದ. ಬುಡ್ಡೇಸಾಬ ಎದ್ದು ನಿಂತ.

“ಗಾಡಿದೇನ ತಪ್ಪಿಲ್ರಿ. ಪೆಟ್ರೋಲಿಗಿ ಎಣ್ಣಿ ಬೆರಸಿದ್ದಿಲ್ಲ. ಬೆರಸೂಕಿಂತ ಮೊದ್ಲ ಕೀಲಿ ಒಗದೇನಿ. ತಪ್ಪು ನಂದು.”

“ಎಣ್ಣಿ ಹಾಕಿಲ್ಲಂತ ಒಂದ ಮಾತ ಹೇಳಾಕ ಏನಾಗಿತ್ತು?”

“ಹೇಳಾಕ ಬಾಯಿ ಖಾಲಿ ಎಲ್ಲಿತ್ರಿ? ಬೈಯಾಕತ್ತಿತ್ತಲ್ಲ.”

ವಿಶಾಖಾಳಿಗೆ ನಗು ಬರಲಿಲ್ಲ. ತಾಯಿಯನ್ನು ಎಬ್ಬಿಸಿ, ಮೊಣಕೈ, ಸೊಂಟ ಮುಟ್ಟಿ ನೋಡಿದಳು. ಎಲ್ಲ ನೆಟ್ಟಗಿತ್ತು. ಅಷ್ಟರಲ್ಲಿ ತಿಕೋಟಾ ಬಸ್ಸು ಬರುವುದು ಕಂಡು ಕೈ ಅಡ್ಡ ಮಾಡಿದಳು.

“ಗಾಡಿ ನೀವ ಒಯ್ದ ಇಡ್ರಿ. ಐತವಾರ ಬರತೀನಿ,” ಎಂದಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು. “ಬಂದು ಮುಂದ ಕುಂಡ್ರತೀನಿ. ಎಂಜಿನ್ ಬಿಚ್ಚೂದರಿಂದ ಹಿಡದು ಎಣ್ಣಿ ಬೆರಸೂತನಾ ನನಗ ತೋರಸ್ಬೇಕು. ಎಷ್ಟಕ್ಕ ಎಷ್ಟು, ಎಲ್ಲಾ.”

ಗಿರಾಕಿ ತಲೆಯ ಮೇಲೆ ಕೂತರೆ ಪಾನಾ ಎಸೆಯುವ ಮನುಷ್ಯ ಅವನು. ಬಾಯಿ ತೆರೆದ. ಜಾವೀದ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

“ಬರ್ರಿ,” ಎಂದ ಬುಡ್ಡೇಸಾಬ. “ಹಳೀ ಸೀರಿ ಉಟಗೊಂಡ ಬರ್ರಿ. ಎಣ್ಣಿ ಕಲಿ ಹತ್ತಿದ್ರ ಹೋಗೂದಿಲ್ಲ.”