ದವಡೆ ಬಿಗಿಯುವ ಮೊದಲು

ಪಾರ್ವತಿಬಾಯಿ ನನ್ನ ದವಾಖಾನೆಗೆ ಮೊದಲ ಸಲ ಬಂದದ್ದು ೨೦೦೬ರ ಬೇಸಿಗೆಯಲ್ಲಿ, ಹಲ್ಲಿನ ಬಂಗಾರದ ಕ್ಯಾಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು. ಅವಳ ಊರು ಬಸವಕಲ್ಯಾಣದಲ್ಲಿ ಹಲ್ಲಿನ ಡಾಕ್ಟರುಗಳಿಗೇನೂ ಬರವಿಲ್ಲ. ಅವರನ್ನೆಲ್ಲ ಬಿಟ್ಟು, ಎಪ್ಪತ್ತು ದಾಟಿದ ಹೆಂಗಸು ಬಿಸಿಲಲ್ಲಿ ಬಸ್ಸು ಹತ್ತಿ ಹುಮನಾಬಾದಿಗೆ ಒಬ್ಬಳೇ ಬಂದಿದ್ದಾಳೆಂದರೆ ಮನೆಯವರಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ. ಆದರೂ ನಾನು ಕೇಳಲು ಹೋಗಲಿಲ್ಲ. ಹೊರಗೆ ಬೆಂಚಿನ ತುಂಬ ಜನ, ಒಳಗೆ ಹೋಗಿ ಬಂದು ಆಟವಾಡುವ ಕರೆಂಟು. ಊರಲ್ಲಿ ನನ್ನ ಬಗ್ಗೆ ‘ವಿದ್ಯಾವತಿ ಡಾಕ್ಟರ ಕೈ ಹಗುರ, ಬಾಯಿ ಜೋರು’ ಎನ್ನುತ್ತಾರೆ. ಎರಡೂ ನಿಜ.

ಕ್ಯಾಪು ಕಳಚಿದ್ದು ಮೇಲಿನ ಎಡಗಡೆಯ ಕೋರೆಹಲ್ಲಿನಿಂದ. ಒಳಗಿನ ಹಳೆಯ ಸಿಮೆಂಟು ಗೋಡೆಯ ಸುಣ್ಣದ ಹಾಗೆ ಪುಡಿಯಾಗಿತ್ತು. ಹಲ್ಲು ಹುಳುಕು ಹಿಡಿದಿರಲಿಲ್ಲ, ಒಸಡು ಮಾತ್ರ ಹಾಳಾಗಿ ಮೇಲಕ್ಕೆ ಸರಿದಿತ್ತು. ನಮ್ಮ ಕಡೆಯ ಹಿರಿಯ ಹೆಂಗಸರಿಗೆ ತಂಬಾಕು ಹುರಿದು ಪುಡಿಮಾಡಿದ ಮಿಶ್ರಿಯನ್ನು ಹಲ್ಲಿಗೆ ತಿಕ್ಕದೆ ಬೆಳಗಾಗುವುದಿಲ್ಲ. ನಾನು ಬೈಯುತ್ತೇನೆ, ಅವರು ನಗುತ್ತಾರೆ, ಮರುದಿನ ಮತ್ತೆ ತಿಕ್ಕುತ್ತಾರೆ.

“ಸ್ವಚ್ಛ ಮಾಡಿ ತಿರುಗಿ ಕೂಡಸ್ತೀನಿ ಆಯಿ,” ಎಂದೆ.

“ಮದಲಿನಂಗ ಬ್ಯಾಡ ಯವ್ವಾ. ಯಾರ ಜಗ್ಗಿದರೂ ಬರಬಾರದು. ಅಂಥಾದ್ದ ಏನರ ಹಾಕು.”

“ನಿಮ್ಮ ಹಲ್ಲ ಯಾರ ಜಗ್ಗತಾರ?” ನಾನು ನಕ್ಕೆ.

ಅವಳು ನಗಲಿಲ್ಲ. “ಮಗ,” ಎಂದಳು.

ಆಮೇಲೆ ಹೇಳಿದ್ದನ್ನು ಕೇಳಿ ನನ್ನ ಕೈಯಲ್ಲಿದ್ದ ಕನ್ನಡಿ ಕೈಯಲ್ಲೇ ಉಳಿಯಿತು. ನಾನು ಹಳ್ಳಿಖೇಡದವಳು, ಈ ಸೀಮೆಯ ರೀತಿನೀತಿಯೆಲ್ಲ ಗೊತ್ತು ಅಂದುಕೊಂಡವಳು. ಇಂಥದ್ದನ್ನು ಕೇಳಿರಲಿಲ್ಲ. ಅದು ಆ ಮನೆಯೊಂದರದೇ ಪದ್ಧತಿ. ಬಾಯಲ್ಲಿನ ಬಂಗಾರ ಮಣ್ಣಿಗೆ ಹೋಗಬಾರದು, ಅತ್ತೆಯ ಬಾಯಿಂದ ಹಿರಿಯ ಸೊಸೆಯ ಬಾಯಿಗೆ ಹೋಗಬೇಕು. ಜೀವ ಇರುವಾಗ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಕೊಟ್ಟರೆ ಮನೆಗೆ ಕೇಡು. ಜೀವ ಹೋದ ಮೇಲೆಯೇ ತೆಗೆಯಬೇಕು. ಆದರೆ ಸತ್ತವರ ದವಡೆ ಸ್ವಲ್ಪ ಹೊತ್ತಿಗೆ ಬಿಗಿದುಬಿಡುತ್ತದೆ. ಆಮೇಲೆ ಬಾಯಿ ತೆರೆಯಲು ಬರುವುದಿಲ್ಲ. ಹೀಗಾಗಿ ಆ ಮನೆಯಲ್ಲಿ ಸಾವು ಹತ್ತಿರ ಬಂದರೆ ಎಲ್ಲರಿಗೂ ಅವಸರ.

“ನಮ್ಮ ಅತ್ತಿ ಗಯಾಬಾಯಿ ಹೋಗೂ ಮುಂದ ನಮ್ಮ ಮನಿಯವರು ಇಕ್ಕಳ ತಂದ್ರು,” ಎಂದಳು ಪಾರ್ವತಿಬಾಯಿ. “ಉಸರು ನಿಂತದ, ತಲಿ ಹಿಡಿ ಅಂದ್ರು. ನಾನೇ ಹಿಡದೆ. ಕ್ಯಾಪ್ ಕಿತ್ತಿ ಬಂತು. ಬಂದ ಮ್ಯಾಲ ಅತ್ತಿ ಕಣ್ಣ ತೆಗದು ನನ್ನ ನೋಡಿದ್ಳು. ಸಂಜಿತನ ನೋಡಿದ್ಳು. ಆಮ್ಯಾಲ ಜೀವ ಬಿಟ್ಳು.”

ಗಯಾಬಾಯಿಯ ಆ ಬಂಗಾರವನ್ನೇ ಕರಗಿಸಿ ಈ ಕ್ಯಾಪು ಮಾಡಿಸಿದ್ದು.

“ಸಾಯಾಕ ನನಗ ಹೆದರಿಕಿಲ್ಲ ಡಾಕ್ಟರಬಾಯಿ. ಸತ್ತ ಮ್ಯಾಲ ಹಲ್ಲ ಒಯ್ಯಲಿ, ತಲಿ ಒಯ್ಯಲಿ. ಜೀವ ಇರೂತನಕ ನನ್ನ ಬಾಯಾಗ ಕೈ ಹಾಕಬಾರದು. ಇಷ್ಟ ಮಾಡಿಕೊಡು.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅವಳ ಮಗನ ಮೇಲಿರಬಹುದು, ತಲೆ ಹಿಡಿದ ಇವಳ ಮೇಲೂ ಇರಬಹುದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಮ್ಮವರು ನಗುನಗುತ್ತಾ ಹೇಳುತ್ತಾರೆ. ಈ ಮನೆಯಲ್ಲಿ ಆ ಗಾದೆಗೆ ನಗುವ ಧೈರ್ಯ ಯಾರಿಗೂ ಇದ್ದಿರಲಾರದು.

ಆಗಷ್ಟೇ ಹೈದರಾಬಾದಿನ ಏಜೆಂಟು ಒಂದು ಹೊಸ ಸಿಮೆಂಟು ತಂದುಕೊಟ್ಟಿದ್ದ. ಹಳೆಯದಾದರೆ ಗಾಜಿನ ಹಲಗೆಯ ಮೇಲೆ ಪುಡಿಗೆ ದ್ರವ ಬೆರೆಸಿ ಕಲೆಸಬೇಕು, ಅದು ಹಲ್ಲಿಗೂ ಕ್ಯಾಪಿಗೂ ನಡುವಿನ ಸಂದಿಯನ್ನು ತುಂಬುತ್ತಿತ್ತೇ ಹೊರತು ಅಂಟುತ್ತಿರಲಿಲ್ಲ. ಅದಾದ ಮೇಲೆ ಬಂದ ಅಂಟುವ ಸಿಮೆಂಟುಗಳಿಗೆ ಹಲ್ಲಿಗೆ ಮೊದಲು ಆಸಿಡ್ ಹಚ್ಚು, ತೊಳೆ, ಒಣಗಿಸು, ಇನ್ನೊಂದು ಔಷಧ ಬಳಿ ಎಂದು ನೂರೆಂಟು ಉಪಚಾರ. ಈ ಹೊಸದಕ್ಕೆ ಅದ್ಯಾವುದೂ ಬೇಡ. ಜೋಡಿ ಕೊಳವೆಯ ಸಿರಿಂಜಿನಿಂದ ಎರಡು ಪೇಸ್ಟು ಹಿಂಡಿ, ಕಲೆಸಿ, ಕ್ಯಾಪಿನೊಳಗೆ ಸವರಿ ಕೂರಿಸಿದರೆ ಸಾಕು, ತನ್ನಷ್ಟಕ್ಕೆ ತಾನೇ ಹಲ್ಲನ್ನೂ ಲೋಹವನ್ನೂ ಕಚ್ಚಿಕೊಳ್ಳುತ್ತದೆ. ಬಿಸಿಲಿಗೆ ಕೆಡುತ್ತದೆಂದು ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟಿದ್ದೆ.

ಕ್ಯಾಪಿನ ಒಳಮೈಯನ್ನು ಚೆನ್ನಾಗಿ ಉಜ್ಜಿ ಒರಟು ಮಾಡಿದೆ. ಸಿಮೆಂಟು ತುಂಬಿ ಕೂರಿಸಿ, ಅಂಚು ಬೇಗ ಗಟ್ಟಿಯಾಗಲೆಂದು ನೀಲಿ ಬೆಳಕು ಹಿಡಿದು, ಹೊರಗೆ ಬಂದದ್ದನ್ನು ಕೆರೆದು ತೆಗೆದೆ. ಆಮೇಲೆ ಇಕ್ಕಳ ಹಾಕಿ ಮೆಲ್ಲಗೆ ಎಳೆದು ತೋರಿಸಿದೆ. ಪಾರ್ವತಿಬಾಯಿ ಇಕ್ಕಳ ಕಂಡು ಕಣ್ಣು ಮುಚ್ಚಿದಳು. ಕ್ಯಾಪು ಮಿಸುಕಲಿಲ್ಲ.

“ಇನ್ನ ಇದನ್ನ ಕೊಯ್ದೇ ತೆಗೀಬೇಕು ಆಯಿ, ಜಗ್ಗಿದ್ರ ಬರಂಗಿಲ್ಲ. ಆದ್ರ ಒಸಡಿ ಸವದು ಹಲ್ಲೇ ಜರಾ ಅಳ್ಳಾಡಾಕತ್ತದ. ಮಿಶ್ರಿ ಬಿಡ್ರಿ.”

“ಬಿಡತೀನಿ ಯವ್ವಾ,” ಎಂದು ಖುಷಿಯಿಂದ ಸುಳ್ಳು ಹೇಳಿ ಬಸ್ ಸ್ಟ್ಯಾಂಡಿನ ಕಡೆಗೆ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಬಂದ. ಧನರಾಜ, ಬಸವಕಲ್ಯಾಣದಲ್ಲಿ ಅರಿವೆ ಅಂಗಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತಿಗೊಂದು ‘ರಿ’. ಹಲ್ಲು ಸ್ವಚ್ಛ ಮಾಡಿಸಿಕೊಳ್ಳಬೇಕೆಂದ. ಹಲ್ಲು ಸ್ವಚ್ಛವಾಗಿಯೇ ಇದ್ದವು. ಬಾಯಲ್ಲಿ ಬಸಪ್ಪ ಹೊಟ್ಟೆಯಲ್ಲಿ ವಿಷಪ್ಪ ಅನ್ನುವ ಜಾತಿಯವನು ಎಂದು ನಾನು ಅಂದುಕೊಂಡೆ, ಆದರೆ ಅವನ ಹೊಟ್ಟೆಯಲ್ಲಿಯೂ ವಿಷ ಇದ್ದಂತೆ ಕಾಣಲಿಲ್ಲ. ಅವನು ತಾಯಿಯ ಬಗ್ಗೆ ಪ್ರೀತಿಯಿಂದಲೇ ಮಾತಾಡಿದ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

“ಅವ್ವನೇ ಹೇಳಿದ್ಳು, ಕ್ಯಾಪ್ ಭಾರಿ ಪಕ್ಕಾ ಕೂಡಸೀರಂತ್ರಿ ಮೇಡಂ. ಮುಂದ ತೆಗೀಬೇಕಂದ್ರ ಹ್ಯಾಂಗ್ರಿ?”

“ಅವರು ತೀರಿಕೊಂಡ ಮ್ಯಾಲ ನನಗ ಫೋನ್ ಮಾಡ್ರಿ. ಮಿಶನ್ ತಂದು ಕೊಯ್ದು ನಿಮ್ಮ ಕೈಯಾಗ ಕೊಡತೀನಿ. ಅದಕ್ಕ ಮದಲ ಯಾರೂ ಮುಟ್ಟಬ್ಯಾಡ್ರಿ.”

“ನೀವು ಹುಮನಾಬಾದಿಂದ ಬರೂತನಕ ದವಡಿ ಬಿಗೀತದಲ್ರಿ,” ಎಂದ, ನನಗೆ ತಿಳಿಯದ ವಿಷಯ ಹೇಳುವವನಂತೆ. ಆಮೇಲೆ ತಟ್ಟೆಯಲ್ಲಿದ್ದ ಇಕ್ಕಳಗಳಲ್ಲಿ ಒಂದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದ. “ಇದು ಕ್ವಾರಿಹಲ್ಲಿಂದೇನ್ರಿ? ಇವು ಎಲ್ಲಿ ಸಿಗತಾವ್ರಿ?”

ನಾನು ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ಬಾಯಿಗೆ ಬಂದಂತೆ ಬೈದೆ. ಪೊಲೀಸು, ಕೋರ್ಟು, ಎಲ್ಲವನ್ನೂ ಹೇಳಿದೆ. ಅವನು ಮುಗುಳ್ನಗುತ್ತಾ ಕೇಳಿಸಿಕೊಂಡ. “ನೀವು ಸಿಟ್ಟಾಗಬ್ಯಾಡ್ರಿ ಮೇಡಂ. ಜೀವ ಇದ್ದಾಗ ನಾವು ಮುಟ್ಟಂಗಿಲ್ರಿ. ಕೇಡದ,” ಎಂದು ಕೈಮುಗಿದು ಹೋದ.

ಚಳಿಗಾಲದ ಒಂದು ಮುಂಜಾನೆ ದವಾಖಾನೆಯ ಬಾಗಿಲು ತೆರೆಯುವುದಕ್ಕೂ ಜೀಪೊಂದು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಧನರಾಜ ಇಳಿದ. ಅಂಗಿ ಮುದುಡಿತ್ತು. ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದ. ಒಳಗೆ ಬಂಗಾರದ ಕ್ಯಾಪಿತ್ತು. ಕ್ಯಾಪಿನೊಳಗೆ ಹಲ್ಲು, ಹಲ್ಲಿನ ಕೆಳಗೆ ಉದ್ದನೆಯ ಬೇರು. ನನ್ನ ಸಿಮೆಂಟು ಬಿಟ್ಟಿರಲಿಲ್ಲ, ದವಡೆಯೇ ಹಲ್ಲನ್ನು ಬಿಟ್ಟುಕೊಟ್ಟಿತ್ತು. ಕರವಸ್ತ್ರ ರಕ್ತ ಒಣಗಿ ಹಪ್ಪಳದ ಹಾಗೆ ಬಿರುಸಾಗಿತ್ತು.

ಹೆಣದ ಬಾಯಿಂದ ಅಷ್ಟು ರಕ್ತ ಬರುವುದಿಲ್ಲ.

“ಅವ್ವ ಯಾವಾಗ ತೀರಿಕೊಂಡ್ರು?” ಎಂದು ಹೇಗೋ ಕೇಳಿದೆ.

“ಇನ್ನಾ ಇಲ್ರಿ,” ಎಂದ ಧನರಾಜ. “ಜೀಪಿನ್ಯಾಗ ಅದಾಳ.”

ಜ್ವರ ನೆತ್ತಿಗೇರಿ ಮೂರು ದಿನ ಎಚ್ಚರ ತಪ್ಪಿತ್ತಂತೆ. ಡಾಕ್ಟರು ಮನೆಗೆ ಒಯ್ಯಿರಿ ಎಂದರಂತೆ. ಮೊನ್ನೆ ನಸುಕಿನಲ್ಲಿ ಉಸಿರು ನಿಂತಂತೆ ಕಂಡಿತು. ಹೆಂಡತಿ ಪೂನಂ ತಲೆ ಹಿಡಿದಳು, ಇವನು ಜಗ್ಗಿದ. ಹಲ್ಲು ಬಂದ ಕೂಡಲೇ ಪಾರ್ವತಿಬಾಯಿ ಚೀರಿ ಎದ್ದು ಕೂತಳು. ಅಂದು ಸಂಜೆಯಿಂದ ಜ್ವರ ಇಳಿಯಿತು. ನಿನ್ನೆ ಅಂಬಲಿ ಕೇಳಿ ಕುಡಿದಳು.

ಧನರಾಜ, ಪೂನಂ ಇಬ್ಬರೂ ಅವಳನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಮಲಗಿಸಿದರು. ಬಾಯಿಯ ತುಂಬ ಹಳೆಯ ಸೀರೆಯ ಚೂರು ತುರುಕಿತ್ತು. ನಾನು ಅದನ್ನು ತೆಗೆದು, ಗಾಯ ತೊಳೆದು, ಮರಗಟ್ಟಿಸುವ ಸೂಜಿ ಚುಚ್ಚಿ ಹೊಲಿಗೆ ಹಾಕುವವರೆಗೂ ಅವಳ ಕಣ್ಣುಗಳು ನನ್ನ ಮುಖವನ್ನೇ ಹಿಡಿದುಕೊಂಡಿದ್ದವು. ನನಗೆ ಅಳು ಬಂತು. ಮಾಸ್ಕು ಇದ್ದದ್ದಕ್ಕೆ ಯಾರಿಗೂ ಕಾಣಲಿಲ್ಲ.

“ಮೇಡಂ,” ಎಂದ ಧನರಾಜ, ಕರವಸ್ತ್ರವನ್ನು ಮುಂದೆ ಸರಿಸಿ. “ಇದನ್ನ ತಿರುಗಿ ಕೂಡಸ್ರಿ. ಜೀವ ಇದ್ದಾಗ ತೆಗದಂಗಾಯ್ತು, ಮನಿಗಿ ಕೇಡದ. ಎಲ್ಲಿತ್ತೋ ಅಲ್ಲೇ ಹಾಕಿಬಿಡ್ರಿ.” ಸ್ವಲ್ಪ ತಡೆದು, ಸಂಕೋಚದಿಂದ ಸೇರಿಸಿದ. “ಈ ಸಲ ಜರಾ ಸಡಿಲ ಕೂಡಸ್ರಿ.”

ನಾನು ಹುಟ್ಟಿದಂದಿನಿಂದ ನನ್ನ ಬಾಯಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಆಗ ಮಾತ್ರ ಬೈಗುಳವೊಂದೂ ನೆನಪಾಗಲಿಲ್ಲ. “ಆಗಂಗಿಲ್ಲ,” ಎಂದೆ. “ಬೇರು ಒಣಗಿ ಸತ್ತದ. ಇನ್ನ ಯಾವ ಸಿಮೆಂಟಿಗೂ ಅದು ಹತ್ತಂಗಿಲ್ಲ.”

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಿದವಳು ಪೂನಂ. ಅವಳ ದನಿಯಲ್ಲಿ ದ್ವೇಷವೇನೂ ಇರಲಿಲ್ಲ, ಉಪ್ಪಿನಕಾಯಿ ಯಾವಾಗ ಹಾಕಬೇಕೆಂದು ಹೇಳುವಂತೆ ಹೇಳಿದಳು. “ತೆಗದ ಮ್ಯಾಲ ಅಮಾಸಿ ಒಳಗ ಅತ್ತಿ ಜೀವ ಹ್ವಾದ್ರ ಕೇಡ ಹತ್ತಂಗಿಲ್ಲಂತ. ನಮ್ಮ ಮನಿ ಹಿರಿಯಾರು ಹೇಳ್ಯಾರ.”

“ಹಂಗಾದ್ರ ನಾವು ಮನಿಗಿ ಕರಕೊಂಡ ಹೋಗತೀವ್ರಿ,” ಎಂದ ಧನರಾಜ.

ಪಾರ್ವತಿಬಾಯಿಯ ಕೈ ನನ್ನ ಕೋಟನ್ನು ಹಿಡಿಯಿತು. ಅಷ್ಟು ಸೊರಗಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಗುಂಡಿ ಕಿತ್ತುಬಂತು. ಆಗ ನನ್ನ ಬಾಯಿ ನನಗೆ ಮರಳಿ ಸಿಕ್ಕಿತು. “ಇವರು ಎಲ್ಲೂ ಬರಂಗಿಲ್ಲ! ಇಲ್ಲೇ ಇರತಾರ. ಬೀದರಿನ ದೊಡ್ಡ ದವಾಖಾನಿಗಿ ನಾನೇ ಒಯ್ಯತೀನಿ. ಹೊರಗ ನಡೀರಿ ಇಬ್ಬರೂ!” ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಧನರಾಜ ಎದುರಾಡಲಿಲ್ಲ. “ಆಗಲ್ರಿ ಮೇಡಂ. ಎಲ್ಲಿ ಒಯ್ದರೂ ನಡೀತದ್ರಿ. ನಾವೂ ಸಂಗಾಟ ಬರತೀವ್ರಿ, ನಮ್ಮ ಅವ್ವ ಅಲ್ಲೇನ್ರಿ?” ಎಂದು ಹೊರಗಿನ ಬೆಂಚಿನ ಮೇಲೆ ಕೂತ. ಪೂನಂ ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಳು. ಬಂಗಾರವನ್ನು ಇಬ್ಬರೂ ಮುಟ್ಟಲಿಲ್ಲ. ಅದು ನನ್ನ ಮೇಜಿನ ಮೇಲೆಯೇ ಉಳಿಯಿತು.

ನಾನು ಪರದೆ ಎಳೆದೆ. ಬೀದರಿನ ಆ ದವಾಖಾನೆಯಲ್ಲಿ ಡಾಕ್ಟರಾಗಿದ್ದ ಗೆಳತಿಗೆ ಫೋನು ಹಚ್ಚಿದೆ, ಲೈನು ಸಿಗಲಿಲ್ಲ. ಪಾರ್ವತಿಬಾಯಿ ನನ್ನನ್ನು ಹತ್ತಿರ ಕರೆದಳು. ಬಾಯಲ್ಲಿ ಹತ್ತಿ ಇದ್ದುದರಿಂದ ಮಾತು ತೊದಲುತ್ತಿತ್ತು, ನಾನು ಕಿವಿಯನ್ನು ಅವಳ ತುಟಿಗೆ ತಂದೆ.

“ಅಮಾಸಿ ಯಾವತ್ತದ ಯವ್ವಾ?”

“ಆಗಿಹೋಗ್ಯಾದ ಆಯಿ, ಮೊನ್ನೆನೇ ಆಯ್ತು,” ಎಂದೆ, ಅವಳ ಹಣೆ ಸವರುತ್ತಾ. ಅವಳ ಹಿಡಿತ ಸ್ವಲ್ಪ ಸಡಿಲಾಯಿತು.

“ಇಲ್ರಿ ಮೇಡಂ,” ಎಂದು ಪರದೆಯ ಆಚೆಯಿಂದ ಧನರಾಜ ವಿನಯದಿಂದ ತಿದ್ದಿದ. “ಇನ್ನಾ ಮೂರು ದಿನ ಅದ.”