ಇನ್ನೂರು ಪಿನ್ನು

ಬಾಗಲಕೋಟೆಯ ನವನಗರದಾಚೆ ಇರುವ ಸಣ್ಣ ಕಾರ್ಖಾನೆಯಲ್ಲಿ ಜಯಶ್ರೀಯದು ಮಾಲು ಪರೀಕ್ಷಿಸುವ ಕೆಲಸ. ತೋಪಿನೊಳಗೆ ಗುಂಡಿನ ಬೆನ್ನಿಗೆ ಬಡಿದು ಅದನ್ನು ಸಿಡಿಸುವ ಉಕ್ಕಿನ ಪಿನ್ನನ್ನು ಅಲ್ಲಿ ತಯಾರಿಸುತ್ತಿದ್ದರು. ಮೊದಲು ಅದು ಹೊರದೇಶದಿಂದ ಬರುತ್ತಿತ್ತು. ಆ ದೇಶವೇ ಯುದ್ಧಕ್ಕಿಳಿದ ಮೇಲೆ ನಿಂತುಹೋಯಿತು. "ಎಂಟು ತಿಂಗಳಾತಕ್ಕಾ, ಒಂದು ಪಿನ್ನಿಲ್ಲದ ನಮ್ಮ ತೋಪು ಸುಮ್ನ ನಿಂತೈತಿ" ಎಂದು ಸೇನೆಯಲ್ಲಿರುವ ತಮ್ಮ ಮುತ್ತುರಾಜ ರಜೆಗೆ ಬಂದಾಗ ಹೇಳಿದ್ದ. ಮೊದಲ ಇನ್ನೂರು ಪಿನ್ನು ಹೊರಟ ದಿನ ಜಯಶ್ರೀ ತಾನೇ ಪೆಟ್ಟಿಗೆಗೆ ಕುಂಕುಮ ಹಚ್ಚಿದ್ದಳು.

ಒಂಬತ್ತನೆಯ ದಿನ, ಗಡಸುತನ ಅಳೆಯುವ ಯಂತ್ರ ಒರೆಸುವಾಗ ಅದರ ವಜ್ರದ ಮೊನೆ ಚಕ್ಕೆ ಎದ್ದಿದ್ದು ಕಂಡಿತು. ಮೊನೆ ಮೊಂಡಾದರೆ ಯಂತ್ರ ಮೆತ್ತಗಿನ ಉಕ್ಕನ್ನೂ ಗಟ್ಟಿ ಎನ್ನುತ್ತದೆ. ಹೊಸ ಮೊನೆ ಹಾಕಿ, ಮಾದರಿಗೆಂದು ಉಳಿಸಿದ್ದ ಆರು ಪಿನ್ನು ಅಳೆದಳು. ಎರಡು ಮೆತ್ತಗಿದ್ದವು.

ಕೇಳಿದ ಮಾಲೀಕ ವಿಜಯಮಹಾಂತೇಶರು ಎದ್ದು ಬಾಗಿಲು ಮುಂದೆ ಮಾಡಿದರು. "ಈಗ ಹೇಳಿದ್ರ, ನಮ್ಮವರ ಹಣೇಬಾರ ಇಷ್ಟ ಅಂತ ಬ್ಯಾರೆ ಯಾವುದರ ದೇಶದಿಂದ ತರಸ್ತಾರವಾ. ಎರಡು ವರ್ಷದ ದುಡಿಮಿ. ನಾಕು ದಿನ ತಡಿ, ನೋಡೂಣು."

"ಆ ನಾಕು ದಿನದಾಗ ಗುಂಡು ಹಾರಸೂ ಹೊತ್ತು ಬಂದ್ರ ಏನ್ ಮಾಡೂದ್ರಿ? ಮೆತ್ತಗಿನ ಪಿನ್ನು ಬಾಗಿದ್ರ ಗುಂಡು ಸಿಡಿಯೂದಿಲ್ಲ, ನನ್ನ ತಮ್ಮ ವೈರಿ ಕಡಿಂದ ಬರೂ ಬೆಂಕಿ ನೋಡ್ಕೋತ ನಿಂದರಬೇಕ್ರಿ. ಅಂವ ಅಲ್ದಿದ್ರ ಮತ್ತೊಬ್ಬಾಕಿ ತಮ್ಮ."

ವಿಜಯಮಹಾಂತೇಶರು ಕೊನೆಗೆ ತಾವೇ ಸೇನೆಯ ತಪಾಸಣೆ ಅಧಿಕಾರಿಗೆ ಫೋನು ಮಾಡಿದರು. ಆ ಕಡೆಯಿಂದ ಬೈಗುಳ ಕೇಳಿಸುತ್ತಿತ್ತು.

ಮುತ್ತುರಾಜನ ಫೋನು ಹತ್ತಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಟೀವಿಯಲ್ಲಿ ಗಡಿಯ ಸುದ್ದಿ ಬಂದರೆ ಜಯಶ್ರೀ ಎದ್ದು ಹಿತ್ತಲಿಗೆ ಹೋಗುವಳು.

ಐದನೆಯ ದಿನ ಕಾರ್ಖಾನೆಗೆ ಅಧಿಕಾರಿಯ ಫೋನು ಬಂತು. ಪಿನ್ನುಗಳು ಇನ್ನೂ ಉಗ್ರಾಣದಲ್ಲೇ ಇದ್ದವು, ಒಂದನ್ನೂ ತೋಪಿಗೆ ಕೂಡಿಸಿರಲಿಲ್ಲ. ಮೂವತ್ತೊಂದು ಮೆತ್ತಗಿದ್ದವು. ಎಲ್ಲವನ್ನೂ ಹೊಸದಾಗಿ ಮಾಡಿ, ತಮ್ಮೆದುರೇ ಅಳೆದು ತೋರಿಸಬೇಕು; ಮತ್ತೊಮ್ಮೆ ತಪ್ಪಿದರೆ ಬೇರೆ ದೇಶದಿಂದ ತರಿಸುವುದೇ ಗತಿ ಎಂದರು. ಜಯಶ್ರೀ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತಳು.

ಹೊಸ ಪಿನ್ನು ಒಂದೊಂದನ್ನೂ ಮೂರು ಮೂರು ಸಲ ಅಳೆದು ಕಳಿಸಿದರು. ಎರಡು ತಿಂಗಳ ಮೇಲೆ ಮುತ್ತುರಾಜ ಫೋನು ಮಾಡಿದ. "ಅಕ್ಕಾ, ನಿಮ್ಮ ಪಿನ್ನು ಬಂದಾವ. ಇವತ್ತು ನಲವತ್ತು ಗುಂಡು ಹಾರಿಸಿದ್ವಿ."

"ಬಾಗೇತೇನು? ಬಿಚ್ಚಿ ನೋಡಿದ್ರಿಲ್ಲೋ?"

"ನೋಡೇವಿ. ಒಂದೀಟೂ ಬಾಗಿಲ್ಲ."

"ನಾಳೆ ಮತ್ತ ನೋಡು," ಎಂದಳು ಜಯಶ್ರೀ. "ನೋಡಿ ಫೋನ್ ಮಾಡು."