ಚನ್ನಬಸಪ್ಪನವರ ಸಾವಿನ ತಾಲೀಮು

ನರಸಿಂಹರಾಯರು ತೀರಿಕೊಂಡು ತಿಂಗಳೊಪ್ಪತ್ತಾದ ಮೇಲೆ ಅವರ ಹೆಂಡತಿ ಶಾಮಲಾಬಾಯಿ ಗಂಡನ ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕುಷಾಯಿಗೂಡದ ವನಜಾರ ಮನೆಗೆ ಬಂದರು. ಆ ಫೋನು ಯಾರಿಗೂ ತೆರೆಯುತ್ತಿರಲಿಲ್ಲ. ಮಗಳ ಮದುವೆಯ ಫೋಟೊಗಳೆಲ್ಲ ಅದರೊಳಗಿದ್ದವು. ತೆರೆದುಕೊಡಬಹುದು, ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಇದು ಸಾಲದೆಂಬಂತೆ ದಿನಾ ಬೆಳಿಗ್ಗೆ ಐದಕ್ಕೆ ಅದು ತಾನಾಗಿ ಸುಪ್ರಭಾತ ಹಾಡುತ್ತಿತ್ತು.

"ಅವರು ಹೋದ್ರೂ ಅವರ ಅಲಾರಂ ಹೋಗವಲ್ದು ನೋಡ್ರಿ," ಎಂದರು ಶಾಮಲಾಬಾಯಿ. "ಬದುಕಿದ್ದಾಗ ಒಂದಿನಾನೂ ಅದಕ್ಕ ಎದ್ದವರಲ್ಲ. ನಾನ ಏಳ್ತಿದ್ದೆ. ಈಗೂ ನಾನ ಏಳಾಕತ್ತೀನಿ."

ವನಜಾರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಪೇಪರು ಓದುತ್ತಿದ್ದ ಅವರ ಗಂಡ ಚನ್ನಬಸಪ್ಪನವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಟೀಪಾಯಿಯ ಮೇಲಿಟ್ಟರು. ಅವರು ಮಡಿಸಿದ ರೀತಿ ನೋಡಿಯೇ ವನಜಾರಿಗೆ ಮುಂದಿನದು ಗೊತ್ತಾಯಿತು. ಈ ಮನುಷ್ಯ ಏನೋ ತಲೆಗೆ ಹಚ್ಚಿಕೊಂಡಾಗ ಹೀಗೇ ಮಡಿಸುತ್ತಿದ್ದುದು.

ಚನ್ನಬಸಪ್ಪನವರು ಮೂವತ್ತೊಂದು ವರ್ಷ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸುರಕ್ಷಾ ವಿಭಾಗದಲ್ಲಿದ್ದವರು. ಬೆಂಕಿ ಬೀಳದಿದ್ದರೂ ಬಿದ್ದಂತೆ ಸೀಟಿ ಊದಿ, ಸಾವಿರ ಜನರನ್ನು ಬಿಸಿಲಿಗೆ ತಂದು ನಿಲ್ಲಿಸಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಆ ಸಾವಿರ ಜನರ ಪಾಲಿನದ್ದೆಲ್ಲ ಮನೆಯ ಇಬ್ಬರು ಹೆಂಗಸರ ತಲೆಗೆ ಬಂದಿತ್ತು. ಮಗಳು ಲಹರಿ ತನ್ನ ಮದುವೆಯ ಹಿಂದಿನ ದಿನ, ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡಿದ್ದಾಗ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೂರು ಮಹಡಿ ಇಳಿದವಳು.

ಎರಡು ವಾರ ಚನ್ನಬಸಪ್ಪನವರು ಕಂಪ್ಯೂಟರಿನ ಮುಂದೆ ಕೂತರು. ಕೆಂಪು ಫೈಲೊಂದು ತಯಾರಾಯಿತು. ಮೇಲೆ ದೊಡ್ಡ ಅಕ್ಷರದಲ್ಲಿ 'ನನ್ನ ನಂತರ'. ಫೋನು, ಇ-ಮೇಲು, ಫೋಟೊ, ಕರೆಂಟ್ ಬಿಲ್ಲು, ಯಾವುದು ಎಲ್ಲಿದೆ ಎಂದು ಅದರಲ್ಲಿತ್ತು. ಇಷ್ಟು ತಿಂಗಳು ತಾನು ಇ-ಮೇಲು ತೆರೆಯದಿದ್ದರೆ ಮಗಳಿಗೆ ತಿಳಿಸಬೇಕೆಂಬ ಏರ್ಪಾಟೂ ಆಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಚನ್ನಬಸಪ್ಪನವರಾಗುತ್ತಿರಲಿಲ್ಲ.

"ಕಾಗದದ ಮ್ಯಾಲಿಂದು ಪ್ಲ್ಯಾನ್ ಅಲ್ಲ," ಎಂದರು. "ಡ್ರಿಲ್ ಮಾಡಿ ನೋಡಬೇಕು. ಬರೋ ಭಾನುವಾರ ಹತ್ತಕ್ಕ ನಾ ಸಾಯ್ತೀನಿ. ಐದರ ತನಕ ಯಾರೂ ನನ್ನ ಏನೂ ಕೇಳಂಗಿಲ್ಲ."

ವನಜಾ ಮೆಂತ್ಯೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಉಪ್ಪಿಟ್ಟು ತಿಂದು ಸಾಯ್ರಿ. ಆಮ್ಯಾಲೆ ಆರ್ತೈತಿ."

ಭಾನುವಾರ ಉಪ್ಪಲ್‌ನ ಗಂಡನ ಮನೆಯಿಂದ ಲಹರಿಯೂ ಬಂದಳು. ಹತ್ತಕ್ಕೆ ಸರಿಯಾಗಿ ಚನ್ನಬಸಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೈ ಜೋಡಿಸಿಕೊಂಡು ಕೂತು ಸತ್ತರು. ಕೊರಳಲ್ಲಿ ಹಳೆಯ ಸೀಟಿ ನೇತಾಡುತ್ತಿತ್ತು, ತುರ್ತು ಪರಿಸ್ಥಿತಿಗೆಂದು.

ಮೊದಲ ಹೆಜ್ಜೆಯಲ್ಲೇ ತಾಯಿ ಮಗಳು ಮುಗ್ಗರಿಸಿದರು. ಫೋನಿನ ನಾಲ್ಕು ಅಂಕಿ ಫೈಲಿನಲ್ಲಿರಲಿಲ್ಲ. ಕಳ್ಳರ ಕೈಗೆ ಸಿಕ್ಕರೆ ಎಂದು ಬರೀ ಸುಳಿವು ಬರೆದಿದ್ದರು: 'ನನ್ನ ಬದುಕಿನ ಹೆಮ್ಮೆ.'

ವನಜಾ ಸ್ವಲ್ಪ ನಾಚಿಕೊಂಡೇ ತಮ್ಮ ಮದುವೆಯ ತಾರೀಖು ಒತ್ತಿದರು. ತಪ್ಪು. ಲಹರಿ ತಾನು ಹುಟ್ಟಿದ ದಿನ ಒತ್ತಿದಳು. ಅದೂ ತಪ್ಪು. ಮೊಮ್ಮಗಳದ್ದು, ಮನೆ ಕೊಂಡದ್ದು, ಎಲ್ಲ ತಪ್ಪು. ಫೋನು ಕಾಯಿರಿ ಎಂದಿತು. ಕಾಯುತ್ತ ಕೂತ ವನಜಾ ಕಣ್ಣೆತ್ತಿದಾಗ ಎದುರು ಗೋಡೆಯಲ್ಲಿ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕಂಡಿತು. ಇಡೀ ಕಾರ್ಖಾನೆಯನ್ನು ನಾಲ್ಕು ನಿಮಿಷ ಹತ್ತು ಸೆಕೆಂಡಿನಲ್ಲಿ ಖಾಲಿ ಮಾಡಿಸಿದ್ದಕ್ಕೆ ಕೊಟ್ಟದ್ದು.

"ಸೊನ್ನೆ ನಾಕು ಒಂದು ಸೊನ್ನೆ ಒತ್ತು," ಎಂದರು ಮಗಳಿಗೆ.

ತೆರೆಯಿತು. ಬಾಲ್ಕನಿಯಲ್ಲಿ ಹೆಣದ ತುಟಿಯಂಚಿನಲ್ಲಿ ನಗು ಸುಳಿದಂತಾಯಿತು. ಮೂವತ್ತೆಂಟು ವರ್ಷದ ಸಂಸಾರ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಸೋತಿತಲ್ಲ ಎಂದು ವನಜಾರಿಗೆ ಒಳಗೊಳಗೇ ಉರಿಯಿತು. ಇವತ್ತು ಸತ್ತಿದ್ದಾರೆ, ನಾಳೆ ಮಾತಾಡಿದರಾಯಿತು ಎಂದು ಫೈಲಿನ ಮುಂದಿನ ಹಾಳೆ ತಿರುವಿದರು.

ಫೈಲಿನ ಏಳನೆಯ ಹೆಜ್ಜೆ, ನಿವೃತ್ತರ ವಾಟ್ಸಾಪ್ ಗುಂಪಿಗೆ ತಿಳಿಸುವುದು. ಒಕ್ಕಣೆಯನ್ನು ಅವರೇ ಬರೆದಿಟ್ಟಿದ್ದರು: 'ಸುರಕ್ಷಾ ವಿಭಾಗದ ಶ್ರೀ ಚನ್ನಬಸಪ್ಪನವರು ಈ ದಿನ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ.' ಗುಂಪಿನಲ್ಲಿ ಅಂಟಿಸಿ ನೋಡಿ, ಕಳಿಸಬೇಡಿ ಎಂದೂ ಕೆಳಗೆ ಬರೆದಿತ್ತು. ಲಹರಿ ಅಂಟಿಸಿದಳು. ವನಜಾ ಕನ್ನಡಕ ಏರಿಸಿಕೊಂಡು ಫೋನು ಕೈಗೆ ತೆಗೆದುಕೊಂಡರು.

"ಇದೇನ ಇದು, ಹಸಿರು ಬಾಣ?" ಎನ್ನುತ್ತ ಮುಟ್ಟಿದರು.

"ಅವ್ವಾ, ಅದನ್ನ ಮುಟ್ಟಬ್ಯಾಡ," ಎಂದಳು ಲಹರಿ. ಹೊತ್ತು ಮೀರಿತ್ತು. ಗಾಬರಿಯಲ್ಲಿ ಫೋನು ಕಸಿದುಕೊಂಡು ಅಳಿಸಲು ಹೋದವಳು 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದಳು. ಆ ಸುದ್ದಿ ಈಗ ಜಗತ್ತಿಗೆಲ್ಲ ಕಾಣುತ್ತಿತ್ತು, ಚನ್ನಬಸಪ್ಪನವರ ಫೋನಿನಲ್ಲಿ ಮಾತ್ರ ಇರಲಿಲ್ಲ.

ಬಾಲ್ಕನಿಯಿಂದ ಸೀಟಿ ಕೇಳಿಸಿತು. ಕೆಳಗಿನ ಮನೆಯ ಗದಿಗೆಮ್ಮ ಗ್ಯಾಸ್ ಬಂದ್ ಮಾಡಿ ಅಂಗಳಕ್ಕೆ ಓಡಿದರು. ಆ ಕಟ್ಟಡದಲ್ಲಿ ಸೀಟಿಗೆ ಅದೇ ಅರ್ಥವಿತ್ತು.

ಗುಂಪಿನಲ್ಲಿ ಇನ್ನೂರಹದಿನಾಲ್ಕು ಜನ. ಓಂ ಶಾಂತಿಗಳು ಸಾಲುಗಟ್ಟಿದವು. ಒಬ್ಬರು ರೂಢಿಬಲದಿಂದ ಹ್ಯಾಪಿ ಬರ್ತ್‌ಡೇ ಎಂದರು. ಸಂಘದ ಅಧ್ಯಕ್ಷರು, ಮೃತರು ಮೃದುಭಾಷಿಗಳಾಗಿದ್ದರು ಎಂದು ಬರೆದರು. ಲಹರಿ ಅದನ್ನು ಗಟ್ಟಿಯಾಗಿ ಓದಿದಾಗ ವನಜಾ, "ಯಾರು?" ಎಂದು ಕೇಳಿದರು.

ಚನ್ನಬಸಪ್ಪನವರು ಎದ್ದು ಬಂದು ಮಗಳ ಹೆಗಲ ಮೇಲಿನಿಂದ ಇಣುಕತೊಡಗಿದ್ದರು. ಸತ್ತ ಮೇಲೆ ಅವರು ಆಡಿದ ಮೊದಲ ಮಾತು: "ಗುಂಪು ನೋಡ್ಕೊಳ್ಳೋ ಹುಲಗೇಶ ಏನ್ ಬರದಾನ ನೋಡು."

"ಹುಲಗೇಶಪ್ಪನ್ನ ತಗೊಂಡೇನ್ ಮಾಡ್ತೀರಿ? ಬದುಕೀನಿ ಅಂತ ಬರೀರಿ ಮೊದಲ," ಎಂದರು ವನಜಾ.

"ತಡಿ. ಇನ್ನೊಂದ್ನಾಕು ಬರಲಿ."

ಲಹರಿ ತಡೆಯಲಿಲ್ಲ. 'ಅಪ್ಪ ಆರಾಮ ಇದ್ದಾರೆ, ಅದು ಬರೀ ಡ್ರಿಲ್' ಎಂದು ಅದೇ ಫೋನಿನಿಂದ ಬರೆದು ಕಳಿಸಿದಳು. ಆಮೇಲೆ ಹುಲಗೇಶಪ್ಪನವರ ಸಂದೇಶ ಬಂತು: 'ಎಚ್ಚರಿಕೆ. ಸತ್ತವರ ಫೋನನ್ನು ಸೈಬರ್ ಕಳ್ಳರು ಹಿಡಿದಿದ್ದಾರೆ. ಯಾರೂ ಉತ್ತರ ಕೊಡಬೇಡಿ.' ಅದರ ಬೆನ್ನಿಗೇ ಚನ್ನಬಸಪ್ಪನವರನ್ನು ಗುಂಪಿನಿಂದ ತೆಗೆದುಹಾಕಲಾಯಿತು.

"ನಾನ ಅವನಿಗೆ ಸೈಬರ್ ಕಳ್ಳರ ಮ್ಯಾಲೆ ಕ್ಲಾಸ್ ತಗೊಂಡಿದ್ದೆ," ಎಂದರು ಚನ್ನಬಸಪ್ಪನವರು. ದನಿಯಲ್ಲಿ ಸಂಕಟವೂ ಇತ್ತು, ಮೆಚ್ಚುಗೆಯೂ ಇತ್ತು. ಫೋನು ಮಾಡಿದರೆ ಹುಲಗೇಶಪ್ಪ ಕತ್ತರಿಸಿದರು. ಲಹರಿ ತನ್ನ ಫೋನಿನಿಂದ ಮಾಡಿದರೂ ಅಷ್ಟೇ. ಗುರುತಿಲ್ಲದ ನಂಬರು ಎತ್ತಬಾರದೆಂದೂ ಅದೇ ಕ್ಲಾಸಿನಲ್ಲಿ ಹೇಳಿಕೊಟ್ಟಿತ್ತು.

ಒಂದು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಚನ್ನಬಸಪ್ಪನವರೇ ಹೋಗಿ ತೆರೆದರು. ಹೊಸ್ತಿಲಲ್ಲಿ ಹುಲಗೇಶಪ್ಪ, ಕೈಯಲ್ಲಿ ಆಳುದ್ದದ ಚೆಂಡುಹೂವಿನ ಹಾರ. ಅವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡರು. ಉಸಿರು ಬಂದ ಮೇಲೆ ಸಿಟ್ಟೂ ಬಂತು.

"ಸಾಯೋದಿದ್ರ ನೆಟ್ಟಗ ಸಾಯ್ರಿ, ಇಲ್ಲಾಂದ್ರ ಸುಮ್ಮಿರ್ರಿ. ಹೆಂಡ್ತೀನ ಸುಲ್ತಾನ್ ಬಜಾರ್‌ನಾಗ ಸೀರಿ ಅಂಗಡ್ಯಾಗ ಬಿಟ್ಟು ಬಂದೀನಿ. ಅಕಿ ಅಲ್ಲಿ ಒಬ್ಬಾಕಿನ ಅದಾಳ. ಏನೇನ್ ತಗೊಂಡಾಳೋ."

"ಗುಂಪಿನಿಂದ ನನ್ನ ಯಾಕ್ ತಗದಿ?"

"ನಿಯಮ ಐತಲ್ರಿ. ನೀವ ಬರದದ್ದು."

ಮೂರರ ಹೊತ್ತಿಗೆ ನಡುಮನೆಯಲ್ಲಿ ಹದಿನೇಳು ಜನ, ಐದು ಹಾರ. ವನಜಾ ಪಾತ್ರೆಗಟ್ಟಲೆ ಚಹಾ ಕಾಯಿಸಿದರು. ಬಂದವರು ಮೊದಲು ಬೈದರು, ಆಮೇಲೆ ಕೂತರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಫೋನು ಮುಟ್ಟಿ ನೋಡಿಕೊಂಡರು. ತಮ್ಮ ಹೆಂಡತಿಗೆ ತಮ್ಮ ಅಂಕಿ ಗೊತ್ತಿಲ್ಲವೆಂದು ಹುಲಗೇಶಪ್ಪನವರೇ ಮೊದಲು ಒಪ್ಪಿಕೊಂಡರು. ಗೊತ್ತಾಗುವುದು ಬೇಡ ಎಂದೂ ಸೇರಿಸಿದರು.

ಆಗ ಯಾರಿಂದಲೋ ಸುದ್ದಿ ಕೇಳಿ ಶಾಮಲಾಬಾಯಿ ಬಂದರು. ಆಟೋದಿಂದಿಳಿದು ಮೆಟ್ಟಿಲು ಹತ್ತಿ ಬಂದ ಏದುಸಿರು. ಬಾಗಿಲಲ್ಲೇ ನಿಂತು ಚನ್ನಬಸಪ್ಪನವರನ್ನು ದಿಟ್ಟಿಸಿದರು. ವನಜಾರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಿಮ್ಮವರು ಭಾಳ ಶಾಣ್ಯಾರು ವನಜಾ," ಎಂದರು ಶಾಮಲಾಬಾಯಿ ನಿಧಾನಕ್ಕೆ. "ತಾಲೀಮು ಮಾಡ್ಕೊಂಡಾರ. ನಮ್ಮವರು ನೇರ ಪರೀಕ್ಷಾಕ್ಕ ಕೂತಬಿಟ್ರು."

ಹೀಗೆಂದು ನಗತೊಡಗಿದವರು ಅತ್ತರು, ಅಳುತ್ತಲೇ ಚಹಾ ಕೇಳಿದರು. ಚನ್ನಬಸಪ್ಪನವರು ತಪ್ಪಾಯ್ತೆಂದು ಕೈ ಮುಗಿದು, ಕೊರಳಿನ ಸೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಲಹರಿ ಶಾಮಲಾಬಾಯಿಯವರ ಪಕ್ಕ ಕೂತು, ನರಸಿಂಹರಾಯರು ಬೇರೆ ಏನಾದರೂ ಬಳಸುತ್ತಿದ್ದರೇ ಎಂದು ಕೇಳಿದಳು. ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪು ಒಂದಿದೆ, ಇಸ್ಪೀಟು ಆಡುತ್ತಿದ್ದರು ಎಂದರು ಶಾಮಲಾಬಾಯಿ. ಸಂಜೆ ಲಹರಿ ಅವರ ಜೊತೆಗೇ ಹೋಗಿ ಅದಕ್ಕೆ ವೈರು ಚುಚ್ಚಿ ನೋಡಿದಳು. ರಾಯರ ಇ-ಮೇಲು ತೆರೆದೇ ಇತ್ತು. ಫೋನಿನ ಫೋಟೊಗಳೆಲ್ಲ ತಾವಾಗಿ ಅದರ ಖಾತೆಗೆ ಸೇರಿಕೊಂಡು ಅಲ್ಲಿದ್ದವು, ಮದುವೆಯದೂ, ಯಾರಿಗೂ ಬೇಡವಾದ ಐನೂರು ಗುಲಾಬಿ ಹೂವಿನದೂ. ಫೋನು ಮಾತ್ರ ಕೊನೆಗೂ ತೆರೆಯಲಿಲ್ಲ. ಅಲಾರಂ ಇರಲಿ ಬಿಡು ಎಂದರಂತೆ ಶಾಮಲಾಬಾಯಿ.

ಇತ್ತ ಎಲ್ಲರೂ ಹೋದ ಮೇಲೆ ಚನ್ನಬಸಪ್ಪನವರು ವರದಿ ಬರೆಯಲು ಕೂತರು. ವನಜಾ ಲೋಟ ತೊಳೆದು ಬಂದು ಎದುರಿಗೆ ಕೂತರು.

"ನಾನ ಮೊದಲ ಹೋದ್ರ?"

ಪೆನ್ನು ನಿಂತಿತು. "ಅದು ಪ್ಲ್ಯಾನಿನ್ಯಾಗ ಇಲ್ಲ."

"ಅದಕ್ಕ ಕೇಳಾಕತ್ತೀನಿ. ಗ್ಯಾಸ್ ಹೆಂಗ ಬುಕ್ ಮಾಡ್ತೀರಿ? ಹಾಲಿನವನಿಗೆ ಬ್ಯಾಡ ಅಂತ ಯಾವ ಆ್ಯಪಿನ್ಯಾಗ ಹೇಳ್ತೀರಿ? ನನ್ನ ಫೋನಿನ ಗೆರಿ ಹೆಂಗ ಎಳೀತಾರ, ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ. ವನಜಾ ತಮ್ಮ ಫೋನು ತೆಗೆದು, ಗಂಡನ ತೋರುಬೆರಳು ಹಿಡಿದು ಗೆರೆ ಎಳೆಸಿದರು. ಎರಡು ಸಲ ತಪ್ಪಿ ಮೂರನೆಯದಕ್ಕೆ ತೆರೆಯಿತು.

"ಬರಕೋರಿ. ಮೊದಲನೇದು ಇದು. ನಮ್ಮವ್ವನ ದನಿ. ಅಕಿ ತೀರಿಕೊಂಡ ವರ್ಷ ಕಳಿಸಿದ್ದು. ಇದು ಲಹರಿಗೆ ಮುಟ್ಟಬೇಕು. ಅಳಿಸಿಗಿಳಿಸೀರಿ ಮತ್ತ."

ಒತ್ತಿದರು. ನಲವತ್ತು ಸೆಕೆಂಡಿನ ದನಿ. ಮುದುಕಿಯೊಬ್ಬಳು ಮಾವಿನಕಾಯಿ ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುತ್ತ, ನಡುವೆ ಬೆಕ್ಕನ್ನು ಗದರಿಸಿ, ಎಲ್ಲಿದ್ದೆನೆಂದು ಮರೆತು, ಮತ್ತೆ ಮೊದಲಿಂದ ಶುರುಮಾಡಿದ್ದಳು.

ಚನ್ನಬಸಪ್ಪನವರು ಹೊಸ ಹಾಳೆ ತೆಗೆದು ಹೆಂಡತಿಯ ಹೆಸರು ಬರೆದರು.

"ಇನ್ನೊಮ್ಮೆ ಹಚ್ಚು," ಎಂದರು. "ಉಪ್ಪು ಎಷ್ಟಂದ್ರು, ಕೇಳಿಸಲಿಲ್ಲ."